ಸೋತ ದಿನದ ರೊಟ್ಟಿ

ನಮ್ಮ ಯಜಮಾನರು ಬಾಗಲಕೋಟೆಯ ಕಾಲೇಜೊಂದರಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದರು. ಎಪ್ಪತ್ತರ ದಶಕದ ಮಾತು. ಕುಸ್ತಿ, ಕಬಡ್ಡಿ ಅಂದರೆ ಜೀವ ಬಿಡುವ ನಮ್ಮ ಕಡೆ, ಎರೆಮಣ್ಣಿನ ಬಯಲಿನಲ್ಲಿ ಹುಡುಗರಿಗೆ ಚೆಂಡು ಒದೆಯಲು ಕಲಿಸುವ ಇವರನ್ನು ಕಂಡು ನಮ್ಮತ್ತೆಯೇ ನಗುತ್ತಿದ್ದರು: “ಒದಿಯೂದು ಕಲಸಾಕೂ ಪಗಾರ ಕೊಡ್ತಾರೇನ?”

ಇವರ ಸೋಲು-ಗೆಲುವು ನನಗೆ ತಿಳಿಯುತ್ತಿದ್ದುದು ಒಲೆಯ ಮುಂದೆ. ಬಸ್ ಸ್ಟ್ಯಾಂಡಿನ ಎದುರಿನ ಹೊಟೇಲ್ ಮಾಲಕರಿಗೆ ಆಟದ ಹುಚ್ಚು. ಟೀಮು ಗೆದ್ದು ಬಸ್ಸಿಳಿದರೆ ಎಲ್ಲರನ್ನೂ ಕರೆದು ಪುರಿ-ಭಾಜಿ ತಿನ್ನಿಸುತ್ತಿದ್ದರು. ಡ್ರಾ ಆಗಿದ್ದರೆ ಬರೀ ಚಹಾ. ಸೋತಿದ್ದರೆ ಗಲ್ಲಾಪೆಟ್ಟಿಗೆಯಿಂದ ತಲೆಯನ್ನೇ ಎತ್ತುತ್ತಿರಲಿಲ್ಲ. ಅಂಥ ದಿನ ಇವರು ಹುಡುಗರನ್ನು ಮನೆಗೆ ಕರೆತರುವರು. ಹೊಸ್ತಿಲ ಹೊರಗೆ ಬೂಟುಗಳ ಸಾಲು ಕಂಡರೆ ಸಾಕು, ನಾನು ಏನೂ ಕೇಳದೆ ರೊಟ್ಟಿಯ ಹಿಟ್ಟಿಗೆ ಎಸರಿಡುತ್ತಿದ್ದೆ. ಹೀಗಾಗಿ ಗೆದ್ದ ಆಟಗಳು ಹೊಟೇಲಿನವರ ಪಾಲಿಗೆ, ಸೋತವೆಲ್ಲ ನನ್ನ ಪಾಲಿಗೆ. ಯಾವ ಹುಡುಗ ಬದನೆಕಾಯಿ ಪಕ್ಕಕ್ಕೆ ಸರಿಸುತ್ತಾನೆ, ಯಾವನು ಬಿಟ್ಟ ಗೋಲು ನೆನೆದು ತಾಟಿನ ಮುಂದೆ ಸುಮ್ಮನೆ ಕೂರುತ್ತಾನೆ, ಎಲ್ಲ ನನಗೆ ಗೊತ್ತು. ಗೆದ್ದಾಗ ಅವರ ಮುಖ ಹೇಗಿರುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಒಂದು ವರ್ಷ ಪ್ರಿನ್ಸಿಪಾಲರು, ಇವರು ಸೇರಿದಾಗಿನಿಂದ ಆಡಿಸಿದ ಆಟಗಳ ಲೆಕ್ಕ ಕೇಳಿದರು. ಗೆಲುವಿಗಿಂತ ಸೋಲು ಒಂದು ಹೆಚ್ಚಿತ್ತು. ಉಳಿದದ್ದು ಹುನಗುಂದದಲ್ಲಿ ಇಳಕಲ್ಲಿನವರ ಎದುರು ಒಂದೇ ಆಟ. “ಸೋಲು-ಗೆಲುವು ಸರಿಸಮ ಆದ್ರ ಟೀಮು ಇರತೈತಿ. ಇಲ್ಲಾಂದ್ರ ಬರೋ ವರ್ಷದಿಂದ ಡ್ರಿಲ್ ಅಷ್ಟ ತಗೋರಿ” ಅಂದರಂತೆ. ಇವರು ಅದನ್ನು ಮನೆಯಲ್ಲಿ ಹೇಳಿದ್ದು ಒಂದೇ ಸಲ, ಅದೂ ಬೂಟಿಗೆ ಪಾಲಿಶ್ ಹಚ್ಚುತ್ತ.

ಆಟದ ದಿನ ಸಂಜೆ ಹುನಗುಂದದ ಬಸ್ಸು ಬರುವ ಹೊತ್ತಾಯಿತು.

“ಎಸರರ ಇಡಬಾರದೇನ? ಹಸಕೊಂಡು ಬರ್ತಾವ” ಅಂದರು ಅತ್ತೆ.

ನಾನು ಒಲೆ ಹಚ್ಚಲಿಲ್ಲ. ಎಸರಿಟ್ಟರೆ ಸೋಲನ್ನು ನಾನೇ ಕರೆದಂತೆ ಅನಿಸಿತು. ಅಂಗಳ ಗುಡಿಸಿದೆ, ದೇವರ ಮುಂದೆ ದೀಪ ಹಚ್ಚಿದೆ, ಹಿಟ್ಟಿನ ಡಬ್ಬಿ ಮುಟ್ಟಲಿಲ್ಲ.

ಹೊಸ್ತಿಲ ಹೊರಗೆ ಬೂಟು ಬಿಚ್ಚುವ ಸದ್ದು ಕೇಳಿಸಿತು.

“ಕಡೀಕ ಅವರು ಒಂದು ಗೋಲ ಹೊಡದಬಿಟ್ರರಿ ಅಕ್ಕಾರ” ಅಂದ ಕ್ಯಾಪ್ಟನ್, ನೆಲ ನೋಡುತ್ತ. ಇವರು ನೇರ ಅಡಿಗೆಮನೆಗೆ ಬಂದು ತಣ್ಣಗಿದ್ದ ಒಲೆ ನೋಡಿದರು.

“ಎಸರ ಇಟ್ಟಿಲ್ಲೇನು?”

“ಇಲ್ರಿ. ಇವತ್ತ ಹೊಟೇಲಿಗೆ ಹೋಗ್ತೀರಿ ಅನ್ಕೊಂಡಿದ್ದೆ.”

ಇವರು ಪಡಸಾಲೆಯ ಕಡೆ ತಿರುಗಿ, “ಕೇಳ್ರಲೇ, ನಾವು ಗೆಲ್ಲತೇವಿ ಅಂತ ಇಡೀ ಊರಾಗ ಇಕಿ ಒಬ್ಬಾಕಿ ನಂಬಿದ್ಲು. ಅದಕ್ಕ ಊಟ ತಡಾ ಆಗತೈತಿ” ಅಂದರು.

ಗೋಲು ಕಾಯುವ ಹುಡುಗ ಗೋಡೆಗೆ ಒರಗಿದ್ದವನು, “ಇನ್ನೊಮ್ಮೆ ನಂಬಬ್ಯಾಡ್ರಿ ಅಕ್ಕಾರ, ಭಾಳ ಹಸದೈತಿ” ಅಂದ.

ಮೊದಲು ಅತ್ತೆ ನಕ್ಕರು, ಹಿಂದೆಯೇ ಎಲ್ಲರೂ. ಗೆದ್ದಾಗ ಹೀಗೇ ನಗುತ್ತಿದ್ದರೋ ಏನೋ. ಇನ್ನೊಮ್ಮೆ ಅನ್ನುವುದು ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕ್ಯಾಪ್ಟನ್ ಬಂದು ಒಲೆ ಊದಲು ಕೂತ. ನಾನು ದೊಡ್ಡ ಪಾತ್ರೆಯಲ್ಲಿ ಎಸರಿಟ್ಟೆ.