ಯಾರಿಗೂ ಸಿಟ್ಟು ಬರದ ಬಣ್ಣ

ಗೆಳೆಯ ವಿಠ್ಠಲ ಮತ್ತು ನಾನು ಅನಗೋಳದಾಗ ಅವನ ಅಂಗಳದಾಗ ಒಂದು ಸಣ್ಣ ದೋಣಿ ಕಟ್ಟಿದ್ವಿ. ಬಣ್ಣ ತರಾಕ ಟಿಳಕವಾಡಿಗೆ ಹೋದ್ವಿ.

"ಹಳದಿ ಇಲ್ಲಾ ಕೇಸರಿ ಹೊಡೀರಿ, ದೂರದಿಂದ ಕಾಣತೈತಿ" ಅಂದ್ರು ಅಂಗಡಿಯವರು.

ವಿಠ್ಠಲ ನಕ್ಕ. "ಹಳದಿ ಹೊಡದ್ರ ಕನ್ನಡ ಬಾವುಟ ಅಂತ ನಮ್ಮ ಮರಾಠಿ ಮಂದಿಗೆ ಸಿಟ್ಟು, ಕೇಸರಿ ಹೊಡದ್ರ ಮರಾಠಿ ಝೇಂಡಾ ಅಂತ ಇವನ ಕನ್ನಡ ಮಂದಿಗೆ. ಹಸಿರು ಕೊಡ್ರಿ."

"ಹಸಿರು ಹೊಳ್ಯಾಗ ಕಾಣಂಗಿಲ್ರಿ."

"ನಡೀತೈತಿ ಬಿಡ್ರಿ."

ಸ್ಪ್ರೇ ಹೊಡಿಯೂ ಮುಂದ ಅವನೇ ನನ್ನ ಮೂಗಿಗೆ ಮಾಸ್ಕ್ ಬಿಗಿದ. "ಈ ಬಣ್ಣ ಎದಿಗೆ ಇಳದ್ರ ಸಾಯ್ತಿ" ಅಂತ ಬೈದ.

ಮಳೆಗಾಲದಾಗ ಖಾನಾಪುರದ ಹತ್ರ, ಮಲಪ್ರಭಾದಾಗ ಅವನೊಬ್ಬನೇ ಹೋದಾಗ ದೋಣಿ ಬೋರಲಾತು. ಹುಡುಕಾಕ ಬಂದವರು ಅದರ ಬಾಜೂಕ ಹಾದುಹೋದ್ರೂ ಹಸಿರು ಗಿಡಗಂಟಿಯೊಳಗ ಅದು ಕಾಣಲಿಲ್ಲಂತ. ಮರುದಿನ ಸಿಕ್ಕಾಗ ವಿಠ್ಠಲನ ತಣ್ಣಗಾದ ಕೈ ಇನ್ನೂ ಅದನ್ನ ಹಿಡಕೊಂಡಿತ್ತು.

ಬಣ್ಣದ ಬಗ್ಗೆ ಮಾತ್ರ ಇವತ್ತಿನ ತನಕ ಯಾರೂ ತಕರಾರು ಮಾಡಿಲ್ಲ.