ಬೋಕಿಯಲ್ಲಿ ಬಂದ ಸ್ವಾತಂತ್ರ್ಯ

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಗ್ಯಾಸಿನ ಒಲೆಯ ನೆತ್ತಿಗೆ ಸರಿಯಾಗಿ, ಒಂದು ಬೋಕಿ ಇದೆ. ಒಡೆದ ಮಣ್ಣಿನ ಗಡಿಗೆಯ ಅಂಗೈಯಗಲದ ಚೂರು. ಗಡಿಗೆಯ ಹೊಟ್ಟೆಯ ಭಾಗದ್ದಾದ್ದರಿಂದ ತುಸು ಕುಳಿಯಾಗಿದೆ, ಒಳಮೈ ಕಪ್ಪಿಟ್ಟಿದೆ. ಪ್ರತಿ ಯುಗಾದಿಗೆ ಮನೆ ಸುಣ್ಣ ಕಾಣುವಾಗ ಸೊಸೆ ಅದನ್ನು ತಿಪ್ಪೆಗೆ ಕಳಿಸಲು ನೋಡುತ್ತಾಳೆ, ನಾನು ಅಡ್ಡ ನಿಂತು ಉಳಿಸಿಕೊಳ್ಳುತ್ತೇನೆ. ಮನೆಗೆ ಬಂದ ಓದಿದವರು ಹಂಪಿಯಲ್ಲಿ ಸಿಕ್ಕಿದ್ದೇ ಎಂದು ಕೇಳಿದರೆ ನಾನು ಹೌದು ಎನ್ನುವುದಿಲ್ಲ. ಅಲ್ಲ ಎಂದು ಹೇಳುವುದಕ್ಕೂ ಅವಸರ ಮಾಡುವುದಿಲ್ಲ. ನೀವು ಸ್ನೇಹಿತರು, ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅದು ನಾನೇ ಕೆಲಕಾಲ ಆಳಿ, ನಾನೇ ಕೈಯಾರೆ ಕಳೆದುಕೊಂಡ ಒಂದು ಸಾಮ್ರಾಜ್ಯದ ಅವಶೇಷ.

ಸ್ವಾತಂತ್ರ್ಯವೆಂದರೆ ನನಗೆ ಚಿಕ್ಕಂದಿನಿಂದಲೂ ಪಂಚಪ್ರಾಣ, ಅದು ದೂರದಲ್ಲಿದ್ದಷ್ಟು ಹೊತ್ತು. ನಲವತ್ತೆರಡರ ಗದ್ದಲದಲ್ಲಿ ಬಳ್ಳಾರಿಯ ಹುಡುಗರೆಲ್ಲ ಘೋಷಣೆ ಕೂಗುತ್ತ ಕಂಟೋನ್ಮೆಂಟಿನ ಕಡೆಗೆ ಹೊರಟಾಗ ನಾನೂ ಹೊರಟಿದ್ದೆ. ಮೆರವಣಿಗೆಯ ಕಟ್ಟಕಡೆಯಲ್ಲಿದ್ದೆ ಎಂಬುದು ನಿಜ. ಆದರೆ ಅದು ಆಯಕಟ್ಟಿನ ಜಾಗ, ಏಕೆಂದರೆ ಮೆರವಣಿಗೆ ಹಿಂದಕ್ಕೆ ತಿರುಗಿದರೆ ನಾನೇ ಮುಂದಾಳು. ಪೊಲೀಸರು ಲಾಠಿ ಎತ್ತಿದಾಗ ಹಾಗೆಯೇ ಆಯಿತು, ಮತ್ತು ಅಂದು ಕೌಲ್‌ಬಜಾರಿನ ತನಕ ನಾನು ತೋರಿದ ಮುಂದಾಳುತನವನ್ನು ಕಣ್ಣಾರೆ ಕಂಡವರು ಇಂದಿಗೂ ಒಬ್ಬಿಬ್ಬರು ಬದುಕಿದ್ದಾರೆ. ಸೆರೆಮನೆಗೆ ಹೋದವರ ಹೆಸರು ಊರಿನ ಬಾಯಲ್ಲಿ ಉಳಿಯಿತು. ನಾನು ಮನೆಗೆ ಹೋಗಿ ಉಂಡು ಮಲಗಿದ್ದೆ.

ಹೀಗಾಗಿ ದೇಶ ಬಿಡುಗಡೆಯಾದ ಮೇಲೆ, ಬಳ್ಳಾರಿಯನ್ನು ಮದ್ರಾಸಿನಿಂದ ಬಿಡಿಸಿ ಮೈಸೂರಿಗೆ ಸೇರಿಸಬೇಕೆಂಬ ಚಳವಳಿ ಎದ್ದಾಗ, ಈ ಸಲವಾದರೂ ಮೆರವಣಿಗೆಯ ಮುಂದಿನ ತುದಿಯಲ್ಲಿರಬೇಕೆಂದು ನಿಶ್ಚಯಿಸಿದೆ. ಕಾರಣಗಳಿಗೇನೂ ಕೊರತೆಯಿರಲಿಲ್ಲ. ನಮ್ಮ ಅರ್ಜಿ ನಾವು ಕಂಡರಿಯದ ಸಮುದ್ರದ ದಂಡೆಯ ತನಕ ಹೋಗಿ, ನಮಗೆ ತಿಳಿಯದ ಭಾಷೆಯಲ್ಲಿ ಉತ್ತರವಾಗಿ ಬರುತ್ತಿತ್ತು. ನಾವು ಸುಮ್ಮನಿದ್ದುದನ್ನು ಅವರು ನೆಮ್ಮದಿಯಿಂದಿದ್ದೇವೆ ಎಂದು ತಿಳಿಯುತ್ತಿದ್ದರು. ಇತ್ತ ಆಂಧ್ರದವರೂ ಬಳ್ಳಾರಿ ತಮ್ಮದೆನ್ನುತ್ತಿದ್ದರು. ಹಗಲಲ್ಲಿ ಹತ್ತಿ ಪ್ರೆಸ್ಸಿನ ಗುಮಾಸ್ತನಾಗಿದ್ದ ನಾನು ಸಂಜೆಯಾಗುತ್ತಲೇ ಖಾದಿ ಅಂಗಿ ತೊಟ್ಟು ಭಾಷಣಕಾರನಾಗುತ್ತಿದ್ದೆ.

ನನ್ನ ಭಾಷಣದ ಬಂಡವಾಳವೆಲ್ಲ ಒಂದೇ ಒಂದು ಉಪಮೆ. ಅದು ಕುರುಗೋಡಿನ ಸಭೆಯೊಂದರಲ್ಲಿ, ಹೇಳಬೇಕಾದದ್ದು ಮರೆತುಹೋಗಿ ಮೈ ಬೆವೆತ ಗಳಿಗೆಯಲ್ಲಿ, ತಾನಾಗಿ ಬಾಯಿಗೆ ಬಂತು. ಅಣ್ಣತಮ್ಮಂದಿರು ಬೆಳೆದ ಮೇಲೆ ಒಲೆ ಬೇರೆಯಾಗುವುದು ಲೋಕರೂಢಿ. ಬೇರೆ ಒಲೆ ಎಂದರೆ ಬೇರೆ ಮನಸ್ಸಲ್ಲ. ತಮ್ಮನಿಗೆ ತನ್ನ ರುಚಿಗೆ ತಕ್ಕ ಉಪ್ಪುಹುಳಿ ಬೇಕೆನ್ನಿಸಿದರೆ ಅದು ದ್ರೋಹವಲ್ಲ. ಮದ್ರಾಸಿನ ದೊಡ್ಡಣ್ಣ ತಾನಾಗಿಯೇ ಕೆಂಡ ಕೊಟ್ಟು ಕಳಿಸಿದರೆ ಪ್ರೀತಿ ಉಳಿಯುತ್ತದೆ, ಕೊಡದಿದ್ದರೆ ಒಲೆಯ ಜೊತೆಗೆ ಪ್ರೀತಿಯೂ ಆರುತ್ತದೆ, ಎಂದೆ. ಬಾದನಹಟ್ಟಿಯಿಂದ ಬಂಡಿ ಕಟ್ಟಿಕೊಂಡು ಬಂದಿದ್ದ ರೈತರು ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. ಅಂದಿನಿಂದ ನಾನು ಎಲ್ಲಿ ಹೋದರೂ ಆ ಒಲೆಯನ್ನು ಹೊತ್ತುಕೊಂಡೇ ಹೋದೆ.

ಆ ಕೆಂಡದ ಮಾತು ನಿಮಗೆ ತಿಳಿಯಬೇಕಾದರೆ ನಮ್ಮ ಕಡೆಯ ಪದ್ಧತಿಯೊಂದು ಗೊತ್ತಿರಬೇಕು. ಕೂಡಿದ ಮನೆಯಲ್ಲಿ ಒಲೆ ಬೇರೆಯಾದಾಗ ಹೊಸ ಒಲೆಗೆ ಮೊದಲ ಬೆಂಕಿ ಹಳೆಯ ಒಲೆಯಿಂದಲೇ ಹೋಗಬೇಕು. ಮನೆಯ ಹಿರಿಯ ತನ್ನ ಕೈಯಾರೆ ಕೆಂಡ ತೆಗೆದು ಬೋಕಿಯಲ್ಲಿಟ್ಟು ಕೊಡಬೇಕು. ಬೆಂಕಿಕಡ್ಡಿ ಗೀರಿ ಹೊತ್ತಿಸಿದ ಒಲೆ ಜಗಳದ ಒಲೆ. ಅಂಥ ಮನೆಯವರು ಸಾವಿಗೂ ಒಬ್ಬರ ಬಾಗಿಲಿಗೆ ಒಬ್ಬರು ಬರುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ.

ಇನ್ನು ನನ್ನ ಸಾಮ್ರಾಜ್ಯದ ವಿಷಯ. ಕೌಲ್‌ಬಜಾರಿನ ನಮ್ಮ ಮನೆಯಲ್ಲಿ ಆಗ ನಾಲ್ಕು ಜನ: ನಾನು, ನನ್ನ ಹೆಂಡತಿ ಗೌರಮ್ಮ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ತಮ್ಮ ಪಂಪಣ್ಣ, ಅವನ ಹೆಂಡತಿ ಈಶ್ವರಮ್ಮ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಪಂಪಣ್ಣನನ್ನು ಎತ್ತಿ ಆಡಿಸಿ ಸಾಲೆಗೆ ಕಳಿಸಿದವನು ನಾನು. ಆ ಹಕ್ಕಿನ ಮೇಲೆ ಮನೆಯ ಅಂದಂದಿನ ಪಲ್ಯವೂ ನನ್ನ ಅಪ್ಪಣೆಯಿಂದಲೇ ಆಗುತ್ತಿತ್ತು. ನನಗೆ ಹುಳಿತೇಗಿನ ಕಾಟ. ಆದ್ದರಿಂದ ನಮ್ಮ ಮನೆಯಲ್ಲಿ ಹುಳಿಸೊಪ್ಪಿನ ಪುಂಡಿಪಲ್ಯಕ್ಕೆ ಬಹಿಷ್ಕಾರ. ಬಳ್ಳಾರಿ ಸೀಮೆಯಲ್ಲಿ ಪುಂಡಿಪಲ್ಯವಿಲ್ಲದ ಮನೆಯೆಂದರೆ ಬಾಗಿಲಿಲ್ಲದ ಮನೆಯಿದ್ದಂತೆ. ಆದರೂ ನನ್ನೊಬ್ಬನ ಹೊಟ್ಟೆಗಾಗಿ ನಾಲ್ಕು ನಾಲಿಗೆಗಳೂ ಸಂಯಮ ಪಾಲಿಸಬೇಕಾಗಿತ್ತು.

ಅದರಲ್ಲೂ ಈಶ್ವರಮ್ಮ ಆದವಾನಿ ಕಡೆಯ ಆಲೂರಿನವಳು. ತೆಲುಗಿನ ನಾಲಿಗೆಯವಳು. ಪುಂಡಿಸೊಪ್ಪಿನ ಹುಳಿ, ಮೆಣಸಿನಕಾಯಿಯ ಖಾರ ಇವೆರಡನ್ನು ತಾಯಿಯ ಹಾಲಿನ ಜೊತೆಗೇ ಕುಡಿದವಳು. ಗಂಡನ ಅಣ್ಣನ ಎದುರಿಗೆ ಬಾರದಿರುವುದು, ನೇರ ಮಾತಾಡದಿರುವುದು ಮರ್ಯಾದೆಯಾದ್ದರಿಂದ ಮದುವೆಯಾಗಿ ಬಂದಾಗಿನಿಂದ ಅವಳ ಧ್ವನಿ ನನ್ನ ಕಿವಿಗೆ ಬಿದ್ದದ್ದೇ ಇಲ್ಲ. ಏನಿದ್ದರೂ ಗೌರಮ್ಮನ ಮೂಲಕ ರಾಯಭಾರ. ಅವಳು ಸುಮ್ಮನಿದ್ದುದನ್ನು ನಾನು ನೆಮ್ಮದಿಯಿಂದಿದ್ದಾಳೆ ಎಂದು ತಿಳಿದಿದ್ದೆ. ಈ ವಾಕ್ಯವನ್ನು ಮೇಲೆಲ್ಲೋ ಓದಿದ ನೆನಪು ನಿಮಗಾದರೆ ಅದು ನಿಮ್ಮ ಜಾಣತನ. ನನಗೆ ಆಗ ಆಗಲಿಲ್ಲ.

ಸಿರುಗುಪ್ಪದ ಸಭೆ ಭಾರಿ ದೊಡ್ಡದು. ಅಷ್ಟು ಹೊತ್ತಿಗೆ ನನ್ನ ಒಲೆಯ ಉಪಮೆ ಚೆನ್ನಾಗಿ ಪಳಗಿತ್ತು. ‘ಉಪ್ಪುಹುಳಿ’ ಎಂಬಲ್ಲಿ ಕಂಠ ಗದ್ಗದವಾಗಬೇಕು, ‘ಕೆಂಡ’ ಎಂಬಲ್ಲಿ ಕೈ ಚಾಚಬೇಕು. ಎರಡೂ ಸರಿಯಾಗಿಯೇ ಆದವು. ಹೆಂಗಸರು ಕೂತ ಕಡೆಯಿಂದ ಬಿಕ್ಕಿದ ಸದ್ದು ಕೇಳಿ, ನನ್ನ ಮಾತು ಮುಟ್ಟಬೇಕಾದಲ್ಲಿ ಮುಟ್ಟಿತೆಂದು ಹಿಗ್ಗಿದೆ. ಮುಟ್ಟಬಾರದಲ್ಲಿಯೂ ಮುಟ್ಟಿತ್ತು. ಸಿರುಗುಪ್ಪದಲ್ಲಿ ಈಶ್ವರಮ್ಮನ ಚಿಕ್ಕಮ್ಮನ ಮನೆ. ಅಲ್ಲಿಗೆ ಹೋಗಿದ್ದ ಈಶ್ವರಮ್ಮ ಬಳಗದ ಹೆಂಗಸರ ಜೊತೆ ಬಂದು ಸಭೆಯಲ್ಲಿ ಕೂತಿದ್ದಳು.

ವಾರ ಕಳೆಯುವುದರೊಳಗೆ ಗೌರಮ್ಮ ತಟ್ಟೆಗೆ ರೊಟ್ಟಿ ಹಾಕುತ್ತ ಮಾತು ತೆಗೆದಳು.

“ನೀವು ಸಿರುಗುಪ್ಪದಾಗ ಹೇಳಿದ್ದು ಆಕೀಗೆ ಭಾಳ ಹಿಡಿಸೇತಂತ್ರಿ. ಹಿತ್ತಲ ಕ್ವಾಣ್ಯಾಗ ಒಲಿ ಬ್ಯಾರೆ ಹೂಡ್ತೀವಿ, ಭಾವನವರು ಕೆಂಡ ಕೊಡಬೇಕು ಅಂತಾಳ.”

ಸ್ನೇಹಿತರೇ, ಮನುಷ್ಯನೊಳಗೆ ಎಂತೆಂಥ ಪ್ರತಿಭೆ ಹುದುಗಿರುತ್ತದೆ ಎಂಬುದು ಇಂಥ ಗಳಿಗೆಯಲ್ಲಿಯೇ ಗೊತ್ತಾಗುವುದು. ಮದ್ರಾಸಿನ ಸರ್ಕಾರ ವರ್ಷಗಟ್ಟಲೆ ತಿಣುಕಿ ಕೊಟ್ಟ ಉತ್ತರಗಳನ್ನೆಲ್ಲ ನಾನು ಒಂದು ರೊಟ್ಟಿ ಮುಗಿಯುವುದರೊಳಗೆ ಕೊಟ್ಟೆ. ಕಾಲ ಇನ್ನೂ ಪಕ್ವವಾಗಿಲ್ಲ ಎಂದೆ. ಸಣ್ಣ ಒಲೆ ತನ್ನ ಖರ್ಚು ತಾನು ತೂಗಿಸಲಾರದು ಎಂದೆ. ಇದರ ಹಿಂದೆ ಆಲೂರಿನವರ ಕುಮ್ಮಕ್ಕು ಇದೆ ಎಂದೆ. ಕೊನೆಗೆ, ಹಲಕುಂದಿಯ ಮಠಕ್ಕೆ ಹೋಗಿ ಹಿರಿಯರನ್ನು ಕೇಳಿಕೊಂಡು ಬಂದ ಮೇಲೆ ಯೋಚಿಸೋಣ ಎಂದು ವಿಚಾರಣಾ ಸಮಿತಿಯನ್ನೂ ನೇಮಿಸಿ, ಪಕ್ಕದಲ್ಲೇ ಇರುವ ಹಲಕುಂದಿಗೆ ಹೋಗುವುದನ್ನು ಜಾಗ್ರತೆಯಿಂದ ಮುಂದೂಡುತ್ತ ಬಂದೆ. ಪ್ರತಿಭಟನೆಯೆಂದು ಒಂದು ಸಂಜೆ ಉಪವಾಸವನ್ನೂ ಕೂತೆ. ಸಭೆಯಲ್ಲಿ ಫಲಾಹಾರ ಆಗಿರಬೇಕೆಂದುಕೊಂಡು ಯಾರೂ ಏಕೆಂದು ಕೇಳಲಿಲ್ಲ. ಬೆಳಿಗ್ಗೆ ಎದ್ದು ಎರಡರಷ್ಟು ತಿಂದೆ.

ಆಮೇಲೆ ಪಂಪಣ್ಣನೇ ಬಂದು ನಿಂತ. ನನ್ನೆದುರು ದನಿ ಎತ್ತಿದವನಲ್ಲ, ಅಂದೂ ಎತ್ತಲಿಲ್ಲ.

“ಅಣ್ಣಾ, ಮನಿ ಒಡದು ಹೋಗ್ತೀವಿ ಅಂತಿಲ್ಲ, ಒಲಿ ಅಷ್ಟ. ನೀನು ಮನಸಾರೆ ಕೆಂಡ ಕೊಟ್ರ ಇಲ್ಲೇ ಇರ್ತೀವಿ. ಇಲ್ಲಾಂದ್ರ ಆಲೂರಾಗ ಮಾವ ಅಂಗಡಿ ಹಾಕ್ಕೊಡ್ತಾನಂತ, ಅಲ್ಲಿಗೆ ಹೋಗ್ತೀವಿ. ಕಡ್ಡಿ ಗೀರಿ ಮಾತ್ರ ಈ ಮನ್ಯಾಗ ನಾನು ಒಲಿ ಹಚ್ಚಾಂಗಿಲ್ಲ.”

ಆಲೂರು, ಆದವಾನಿ, ರಾಯದುರ್ಗ ಆಂಧ್ರಕ್ಕೆ ಹೋಗುತ್ತವೆಂಬ ಮಾತು ಆಗಲೇ ಗಟ್ಟಿಯಾಗಿತ್ತು, ಬಳ್ಳಾರಿಯದೊಂದೇ ತೂಗುಯ್ಯಾಲೆ. ಬೇಗ ಗೆರೆ ಎಳೆಯಿರಿ ಎಂದು ಊರೂರಿಗೆ ಹೋಗಿ ಕೂಗಿಕೊಂಡವನು ನಾನು. ಆ ಗೆರೆಯ ಆಚೆಗೆ ನನ್ನ ಪಂಪಣ್ಣ ಕೂತಿರುತ್ತಾನೆಂಬುದು ಕನಸಿನಲ್ಲಿಯೂ ಹೊಳೆದಿರಲಿಲ್ಲ. ನನಗೆ ಬೇಕಾಗಿದ್ದುದು ಒಂದೇ ಒಲೆಯಲ್ಲ, ಪಲ್ಯದ ಅಧಿಕಾರವೂ ಅಲ್ಲ. ನಾನು ಎತ್ತಿ ಆಡಿಸಿದ ಹುಡುಗ ನನ್ನ ಪಕ್ಕದಲ್ಲಿ ಕೂತು ಉಣ್ಣುವುದು ತಪ್ಪಬಾರದು ಎಂಬ ಆಸೆ. ಅಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ಈ ಭಾಷಣಕಾರನಿಗೆ ಬರಲಿಲ್ಲ. ಆಗಲಿ, ಸೋಮವಾರ ಕೊಡೋಣ ಎಂದುಬಿಟ್ಟೆ.

ಸೋಮವಾರ ಬೆಳಿಗ್ಗೆ ಎದ್ದವನೇ ಖಾದಿ ಅಂಗಿ ತೊಟ್ಟು ಕುರುಗೋಡಿನ ಬಸ್ಸು ಹತ್ತಿದೆ.

ಅಲ್ಲಿ ಸಭೆ ಇದ್ದದ್ದು ಸುಳ್ಳಲ್ಲ. ಆದರೆ ನಾನು ಹೋಗದಿದ್ದರೆ ನಡೆಯದ ಸಭೆಯೇನಲ್ಲ. ಹಿತ್ತಲ ಕೋಣೆಯಲ್ಲಿ ಹೊಸ ಒಲೆ ಮೆತ್ತಿ, ಸಾರಿಸಿ, ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದನ್ನು ಕಂಡೇ ಹೊರಟಿದ್ದೆ. ಕುರುಗೋಡಿನಲ್ಲಿ ವೇದಿಕೆ ಹತ್ತಿ, ರೂಢಿಯಂತೆ ಅಣ್ಣತಮ್ಮಂದಿರ ಒಲೆಗೆ ಬಂದೆ. ಉಪ್ಪುಹುಳಿಯ ಹತ್ತಿರ ಗದ್ಗದವಾದೆ. ದೊಡ್ಡಣ್ಣನಾದವನು ತಾನಾಗಿ ಕೆಂಡ ಕೊಡಬೇಕು ಎನ್ನುತ್ತ ಕೈ ಚಾಚಿದೆ. ಚಾಚಿದ ಕೈ ಕಣ್ಣಿಗೆ ಬಿತ್ತು. ಬರಿಗೈ. ಮುಂದೆ ಮಾತು ಹೊರಡಲಿಲ್ಲ. ನಿಜವಾದ ಗದ್ಗದ ಎಂದರೇನು ಎಂಬುದು ನನಗೆ ತಿಳಿದದ್ದು ಅಂದೇ. ಜನ ಇದೂ ಭಾಷಣದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು, ಯಾರೋ ಜಯಕಾರ ಹಾಕಿದರು. ಹಾರ ಹಾಕಲು ಬಂದವರನ್ನು ದಾಟಿಕೊಂಡು ಬಸ್ಸಿನ ಕಡೆಗೆ ಓಡಿದೆ. ಅಪ್ರತಿಮ ದೇಶಾಭಿಮಾನಿ, ಹಾರವನ್ನೂ ಒಲ್ಲೆನೆಂದ ಎಂದು ಕುರುಗೋಡಿನಲ್ಲಿ ಬಹಳ ದಿನ ನನ್ನ ಹೆಸರು ನಡೆಯಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಹಿತ್ತಲ ಕೋಣೆಯಲ್ಲಿ ಕುಂಕುಮ ಹಚ್ಚಿದ ಒಲೆ ತಣ್ಣಗೆ ಕೂತಿತ್ತು. ಪಂಪಣ್ಣ ಗೋಡೆಗೆ ಒರಗಿ ಕೂತಿದ್ದ. ಅಂದು ಅಂಗಡಿಯನ್ನೇ ತೆರೆದಿರಲಿಲ್ಲ. ಈಶ್ವರಮ್ಮ ಸೆರಗು ಎಳೆದುಕೊಂಡು ಮೂಲೆಗೆ ಸರಿದಳು. ಒಲೆಯ ಪಕ್ಕದಲ್ಲಿ ಹಾಲಿನ ಗಿಂಡಿ, ಈ ಬೋಕಿ. ಬೆಳಗಿನಿಂದ ಮನೆಯಲ್ಲಿ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಗೂಡಿನಲ್ಲಿ ಬೆಂಕಿಪೆಟ್ಟಿಗೆ ಇತ್ತು, ಕೈಗೆ ಸಿಗುವಷ್ಟು ಹತ್ತಿರದಲ್ಲಿ. ಅವರು ಅದನ್ನು ಮುಟ್ಟಿರಲಿಲ್ಲ.

ನಾನು ಬೋಕಿ ಎತ್ತಿಕೊಂಡು ಬಂದು, ಅಂಗಿಯನ್ನೂ ಕಳಚದೆ ನಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅಡುಗೆ ಮಾಡದಿದ್ದರೂ ಗೌರಮ್ಮ ಸೆಗಣಿ ಕುಳ್ಳು ಇಟ್ಟು, ಬೂದಿ ಮುಚ್ಚಿ, ಕೆಂಡ ಆರದಂತೆ ದಿನವಿಡೀ ಕಾದಿದ್ದಳು.

“ಮದ್ರಾಸಿನವರು ಬಂದ್ರೇನ್ರಿ?” ಎಂದಳು ನನ್ನ ಮುಖವನ್ನೇ ನೋಡುತ್ತ, ಅಷ್ಟೇ.

ಬೂದಿ ಸರಿಸಿ ದೊಡ್ಡ ಕೆಂಡವೊಂದನ್ನೇ ಆಯ್ದು ಬೋಕಿಯಲ್ಲಿಟ್ಟೆ. ಇಕ್ಕಳ ಇದ್ದದ್ದು ನೆನಪಾದದ್ದು ಬೆರಳು ಚುರುಕೆಂದ ಮೇಲೆ. ಬೋಕಿಯನ್ನು ಹೊಸ ಒಲೆಯ ಮುಂದಿಟ್ಟು, ಭಾಷಣವಿಲ್ಲದೆ, ಬೆರಳು ಚೀಪುತ್ತ ಹಿಂದಿರುಗಿದೆ. ಹಾಲು ಉಕ್ಕಿತೆಂದು ಪಂಪಣ್ಣ ಕೂಗಿ ಹೇಳಿದ.

ಮುಂದೆ ಬಳ್ಳಾರಿ ಮೈಸೂರಿಗೆ ಸೇರಿತು, ಆಲೂರು ಆಂಧ್ರಕ್ಕೆ ಹೋಯಿತು. ಬಳ್ಳಾರಿಯ ಮೆರವಣಿಗೆಯಲ್ಲಿ ನನಗೆ ಮುಂದಿನ ಸಾಲಿನಲ್ಲಿಯೇ ಜಾಗ ಸಿಕ್ಕಿತು. ಕಾಲಿಗೆ ಚಪ್ಪಲಿ ಕಚ್ಚಿದ್ದರಿಂದ ಅಭ್ಯಾಸದಂತೆ ಕೊನೆಗೆ ಬಂದುಬಿಟ್ಟೆ. ಮನೆಯಲ್ಲಿ ಮಾತ್ರ ನಾನೊಬ್ಬ ರಾಜ್ಯ ಕಳೆದುಕೊಂಡ ರಾಜ. ಹಿತ್ತಲಿಂದ ಪುಂಡಿಪಲ್ಯದ ಒಗ್ಗರಣೆಯ ಘಾಟು ಬಂದಾಗೆಲ್ಲ ಪತ್ರಿಕೆಯನ್ನು ಮುಖಕ್ಕೆ ಹಿಡಿದು ಕೂತಿರುತ್ತಿದ್ದೆ. ಕರೆದರೆ ಹೋಗಬೇಕೆಂದಿತ್ತು, ಕರೆದಾಗ ಹುಳಿತೇಗಿನ ನೆಪ ಹೇಳುತ್ತಿದ್ದೆ.

ಒಂದು ಮಳೆಗಾಲದಲ್ಲಿ, ನಮ್ಮ ಸೀಮೆಗೆ ಅಪರೂಪಕ್ಕೆ ಜಡಿ ಹಿಡಿದಾಗ, ಗೌರಮ್ಮ ತವರಿಗೆ ಹೋಗಿದ್ದಳು. ಒಲೆಯನ್ನು ನನ್ನ ವಶಕ್ಕೆ ಒಪ್ಪಿಸಿದ್ದಳು. ನಾನು ಅದನ್ನು ಆರಿಸಿದೆ. ಬೆಂಕಿಪೆಟ್ಟಿಗೆ ತಂಡಿ ಹಿಡಿದಿತ್ತು, ಕಡ್ಡಿಗಳೆಲ್ಲ ಮುದ್ದೆಯಾಗಿದ್ದವು. ಪಂಪಣ್ಣ ಅಂಗಡಿಗೆ ಹೋಗಿದ್ದ. ಬಹಳ ಹೊತ್ತು ಯೋಚಿಸಿ, ಗೌರಮ್ಮ ಅಂದೇ ತಂದು ಗೂಡಿನಲ್ಲಿಟ್ಟಿದ್ದ ಬೋಕಿಯನ್ನು ಕೈಗೆತ್ತಿಕೊಂಡು ಹಿತ್ತಲ ಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮಿದೆ. ರಾಯಭಾರಕ್ಕೆ ಮನೆಯಲ್ಲಿ ಮೂರನೆಯವರು ಇರಲಿಲ್ಲ.

ಈಶ್ವರಮ್ಮ ಬಾಗಿಲಿಗೆ ಬಂದು ಬೋಕಿ ತೆಗೆದುಕೊಂಡು ಹೋಗಿ, ಕೆಂಡ ತುಂಬಿ ತಂದು ಹೊಸ್ತಿಲ ಮೇಲಿಟ್ಟಳು. ಆಮೇಲೆ, ಆಲೂರಿನ ತೆಲುಗಿನ ಗೌರವ ಬೆರೆಸಿ, ಮೊದಲ ಸಲ ನನ್ನೊಡನೆ ನೇರ ಮಾತಾಡಿದಳು.

“ಬಾವಗಾರೂ, ಇದು ನೀವು ಕೊಟ್ಟ ಕೆಂಡನ. ನಾವು ಆರದಂಗ ಇಟ್ಕೊಂಡೀವಿ, ಅಷ್ಟ. ಒಳಗ ಬರ್ರಿ, ಎರಡು ರೊಟ್ಟಿ ತಿಂದು ಹೋಗ್ರಿ.”

ನಾನು ಒಳಗೆ ಹೋದೆ. ಅಷ್ಟರಲ್ಲಿ ಪಂಪಣ್ಣನೂ ತೊಯ್ದುಕೊಂಡು ಬಂದ, ಏನೂ ಕೇಳದೆ ನನ್ನ ಪಕ್ಕದಲ್ಲಿ ಕೂತ. ರೊಟ್ಟಿಯ ಜೊತೆಗೆ ಪುಂಡಿಪಲ್ಯ ಬಂತು. ಹುಳಿ ಸ್ವಲ್ಪ ಹೆಚ್ಚಾಗಿತ್ತು. ಹೇಳಲಿಲ್ಲ, ಎರಡನೆಯ ಸಲ ಹಾಕಿಸಿಕೊಂಡೆ.