ಪಂಕ್ತಿಯಲ್ಲಿ ಮಡಚಿದ ಮೊಣಕಾಲು

೧೯೮೧ನೇ ಇಸವಿ. ಆ ವರ್ಷವನ್ನು ಜಗತ್ತಿನಾದ್ಯಂತ ಅಂಗವಿಕಲರ ವರ್ಷವೆಂದು ಸಾರಿದ್ದರು. ಸರಿಯಾಗಿ ಅದೇ ವರ್ಷ ನನ್ನ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಇದನ್ನು ದೈವಲೀಲೆ ಎನ್ನುವವರು ಎನ್ನಲಿ, ನಾನು ಅಂಥದ್ದನ್ನು ನಂಬುವವನಲ್ಲ.

ಕಾಲು ಕೆಟ್ಟದ್ದು ವಾದದಿಂದ. ಕೊಪ್ಪಳದಲ್ಲಿ ಬಿ.ಎ. ಓದುತ್ತಿದ್ದ ನಾನು ಚರ್ಚಾಸ್ಪರ್ಧೆಗೆಂದು ಗಂಗಾವತಿಗೆ ಹೋಗಿದ್ದೆ. ಎದುರಾಳಿಯ ಮಾತನ್ನು ಖಂಡಿಸುವ ಭರದಲ್ಲಿ ಕೈ ಬೀಸುತ್ತ, ಹಿಂದೆ ಹಿಂದೆ ಸರಿಯುತ್ತ ವೇದಿಕೆಯಿಂದ ಕೆಳಗೆ ಬಿದ್ದೆ. ಮೊದಲ ಬಹುಮಾನ ನನಗೇ ಬಂತು. ಅದನ್ನು ತೆಗೆದುಕೊಳ್ಳಲು ಇಬ್ಬರು ನನ್ನನ್ನು ಎತ್ತಿಕೊಂಡು ಹೋಗಬೇಕಾಯಿತು.

ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ, ಮೊಣಕಾಲಿನ ಒಳಗೆ ಹರಿದುಹೋಗಿದ್ದ ಮೆತ್ತೆಯಂಥ ಭಾಗವನ್ನು ತೆಗೆದರು. ದಿನಾ ವ್ಯಾಯಾಮ ಮಾಡು, ಮಡಚಲು ಬರುತ್ತದೆ ಎಂದು ಹೇಳಿ ಕಳಿಸಿದರು. ಊರಿಗೆ ಬಂದೆ, ವ್ಯಾಯಾಮವನ್ನೂ ಮಾಡಿದೆ. ಕೋಲು ಹಿಡಿದು ನಡೆಯಲು ಬಂತು. ಆದರೆ ಮೊಣಕಾಲು ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಒಂದು ಬೆರಳಿನಷ್ಟೂ ಇಲ್ಲ. ನಮ್ಮ ಮನೆಗಳಲ್ಲಿ ಊಟ, ಹರಟೆ, ಕೆಲಸ ಎಲ್ಲವೂ ನೆಲದ ಮೇಲೆಯೇ. ಮನೆಮಂದಿಯೆಲ್ಲ ಸಾಲಾಗಿ ಕುಳಿತು ಉಣ್ಣುವಾಗ ನಾನೊಬ್ಬ ಗೋಡೆಗೆ ಒರಗಿದ ಸ್ಟೂಲಿನ ಮೇಲೆ, ತೊಡೆಯ ಮೇಲೆ ತಾಟು ಇಟ್ಟುಕೊಂಡು, ಬೇರೆ ಊರಿನಿಂದ ಬಂದ ಸಾಹೇಬನ ಹಾಗೆ ಉಣ್ಣುತ್ತಿದ್ದೆ.

ಅಪ್ಪ ಅಳವಂಡಿಯಲ್ಲಿ ಟೇಲರ್. ಕೈಯಲ್ಲಿದ್ದದ್ದೆಲ್ಲ ಆಸ್ಪತ್ರೆಗೆ ಹೋಗಿತ್ತು. ಕಾಲೇಜು ಈ ವರ್ಷಕ್ಕೆ ಸಾಕು ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ನನ್ನ ಪುಸ್ತಕಗಳ ಮೇಲೆ ಅವ್ವ ಬಟ್ಟೆಯ ಗಂಟು ಇಟ್ಟಿದ್ದಳು, ಅದನ್ನು ಯಾರೂ ತೆಗೆದಿರಲಿಲ್ಲ. ಅಷ್ಟರಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ಸರಕಾರ ವಿದ್ಯಾರ್ಥಿವೇತನ ಕೊಡುತ್ತದೆಂದು ತಿಳಿಯಿತು. ಕಾಲಿನ ದೋಷ ಕಾಯಂ ಆದದ್ದು ಎಂದು ಡಾಕ್ಟರು ಬರೆದುಕೊಟ್ಟರೆ ಸಾಕು, ನನ್ನ ಓದು ಉಳಿಯುತ್ತಿತ್ತು. ಅದಕ್ಕಾಗಿಯೇ ಕುಷ್ಟಗಿಯ ಶಾಲೆಯೊಂದರಲ್ಲಿ ತಪಾಸಣೆಯ ಶಿಬಿರ ಇಟ್ಟಿದ್ದರು. ಬಸ್ಸಿನಲ್ಲಿ ಕಾಲು ಚಾಚಿಕೊಂಡು, ಹತ್ತಿದವರೆಲ್ಲರ ಹತ್ತಿರ ಬೈಸಿಕೊಳ್ಳುತ್ತ ಅಲ್ಲಿಗೆ ಹೋದೆ.

ಸರತಿಯಲ್ಲಿ ನನ್ನ ಮುಂದೆ ಯಲಬುರ್ಗಾದ ಹುಸೇನಸಾಬ ಎಂಬ ಹಿರಿಯರಿದ್ದರು. ಗಾದಿ ತುಂಬುವ ಕೆಲಸದವರು. ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಮಗಳು ಶಮೀಮಳನ್ನು ಕರೆತಂದಿದ್ದರು. ಆಕೆಯೂ ಕಾಲೇಜು ಸೇರುವವಳು. ನಾನು ಕೋಲೂರಿ ನಿಂತ ರೀತಿ ಹುಸೇನಸಾಬರಿಗೆ ಸರಿಕಾಣಲಿಲ್ಲ. ಇನ್ನಷ್ಟು ವಾಲಿ ನಿಲ್ಲಬೇಕು, ಮುಖ ಸಣ್ಣದು ಮಾಡಿಕೊಳ್ಳಬೇಕು, ಸರಕಾರ ಅಳುವ ಮುಖ ನೋಡಿ ಕೊಡುತ್ತದೆ ಎಂದು ನನಗೆ ಉಪದೇಶ ಮಾಡಿದರು.

"ಅಬ್ಬಾ, ಅವ್ರ ಮುಖಾನ ದೊಡ್ಡದೈತಿ, ಸಣ್ಣದು ಹೆಂಗ ಮಾಡ್ಕೊಂತಾರ?" ಎಂದಳು ಶಮೀಮ್.

ಇದು ಭಿಕ್ಷೆಯಲ್ಲ, ಹಕ್ಕು ಎಂದು ನಾನು ಶುರುಮಾಡಿದೆ. ಸಮಾಜ, ಸಂವಿಧಾನ ಎಲ್ಲವನ್ನೂ ಎಳೆದು ತಂದೆ. ಅಲ್ಲಿಂದಾಚೆ ಹುಸೇನಸಾಬರು ನನ್ನನ್ನು 'ವಕೀಲಸಾಹೇಬ್ರು' ಎಂದೇ ಕರೆದರು.

ನನ್ನನ್ನು ನೋಡಿದ ಡಾಕ್ಟರು ರಾಯಚೂರಿನಿಂದ ಬಂದಿದ್ದ ವಯಸ್ಸಾದ, ಮೆತ್ತಗಿನ ಮನುಷ್ಯ. ಮೇಜಿನ ಮೇಲೆ ಮಲಗಿಸಿ ಕಾಲನ್ನು ಮಡಚಿ ನೋಡಿದರು. ಅದು ಎಂದಿನಂತೆ ಅರ್ಧಕ್ಕೆ ನಿಂತಿತು. ನಾನು ಬೇಕೆಂದು ಬಿಗಿಹಿಡಿದಿರಲಿಲ್ಲ, ಇದನ್ನು ಓದುಗರು ನಂಬಬೇಕು. ಅವರು ಗಾಯದ ಕಲೆಯನ್ನು ಸವರಿ, "ಕೀಲು ಛಲೋ ಐತಿ ತಮ್ಮಾ. ಹೆದರಿಕಿ ಮೊಣಕಾಲಾಗ ಹೊಕ್ಕು ಕುಂತೈತಿ" ಎಂದರು.

ನನಗೆ ರೇಗಿತು. "ಹೆದರಿಕಿ ಮೊಣಕಾಲಾಗ ಇರತೈತಿ ಅನ್ನಾಕ ಪುರಾವೆ ಏನೈತ್ರಿ? ಮಡಚಾಕ ಬರಂಗಿಲ್ಲ ಅನ್ನಾಕ ನನ್ನ ಕಾಲ ಪುರಾವೆ ಐತಿ."

ಅವರು ತಮ್ಮ ಹತ್ತಿರ ಪುರಾವೆ ಇಲ್ಲವೆಂದು ಒಪ್ಪಿಕೊಂಡರು. ಊಟವಾದ ಮೇಲೆ ಬಾ, ಬರೆದುಕೊಡುತ್ತೇನೆ ಎಂದರು. ಚರ್ಚಾಸ್ಪರ್ಧೆಯಲ್ಲಿ ಬಹುಮಾನದ ಢಾಲು ಗೆದ್ದವನ ಹಾಗೆ ಹೊರಗೆ ಬಂದೆ.

ಊಟ ಊರಿನ ಅಡತಿ ವ್ಯಾಪಾರಿಯೊಬ್ಬರದು. ಶಾಲೆಯ ಪಡಸಾಲೆಯಲ್ಲಿ ಎದುರುಬದುರು ಪಂಕ್ತಿ ಹಾಕಿದ್ದರು. ಡಾಕ್ಟರು, ಗುಮಾಸ್ತರು, ಅರ್ಜಿ ತಂದವರು ಎಲ್ಲರೂ ಒಂದೇ ಪಂಕ್ತಿ. ಕೆಳಗೆ ಕೂಡಲಾಗದವರಿಗೆ ಗೋಡೆಯ ಪಕ್ಕ ಬೆಂಚುಗಳಿದ್ದವು. ನನ್ನನ್ನೂ ಶಮೀಮಳನ್ನೂ ಅಲ್ಲಿಗೆ ಕಳಿಸಿದರು. ಹುಸೇನಸಾಬರು ಪಂಕ್ತಿಯಲ್ಲಿ ಕುಳಿತರು. ಕುಳಿತವರು ಸುಮ್ಮನಿರಬಾರದೆ? ಅಲ್ಲಿಂದಲೇ ನನ್ನತ್ತ ಒಂದು ಮಾತು ಒಗೆದರು.

"ವಕೀಲಸಾಹೇಬ್ರ, ಹಕ್ಕಾಗಿದ್ರ ಮನಿಗೆ ತಂದು ಕೊಡತಿದ್ರು. ಮುಂಜಾನಿಂದ ನಮ್ಮನ್ನ ಸಾಲಿನ್ಯಾಗ ಯಾಕ ನಿಂದ್ರಸ್ತಿದ್ರು?"

ಪಂಕ್ತಿಯಲ್ಲಿ ನಗು ಎದ್ದಿತು. ಅಷ್ಟು ಜನರ ಎದುರಿಗೆ ಇದಕ್ಕೆ ಉತ್ತರ ಕೊಡದೆ ಬೆಂಚಿನ ಮೇಲೆ ಕೂಡುವುದು ನನ್ನಿಂದಾಗುವ ಕೆಲಸವಲ್ಲ. ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತೆ. ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ಹುಗ್ಗಿಯ ಬಕೀಟು ಹಿಡಿದವನು ಬಂದ. ಎಲೆ ಹಾಕಿದ ಮೇಲೆ ಪಂಕ್ತಿಯ ನಡುವೆ ಯಾರೂ ನಿಲ್ಲುವಂತಿಲ್ಲ. ಕೂಡುವುದಾದರೆ ಕೂಡಬೇಕು, ಇಲ್ಲವಾದರೆ ದಾರಿ ಬಿಡಬೇಕು. ಅವನೂ ಅದನ್ನೇ ಹೇಳಿದ. ಹುಸೇನಸಾಬರ ಪಕ್ಕದ ಎಲೆ ಖಾಲಿ ಇತ್ತು. ನನ್ನ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕೋಲು ಬದಿಗಿಟ್ಟು, ಅವರ ಹೆಗಲು ಹಿಡಿದು ಕುಳಿತೆ.

"ಸಾಲು ಬರೇ ಭಿಕ್ಷೆಗೆ ಇರಂಗಿಲ್ಲ ಕಾಕಾ. ರೈಲು ಟಿಕೀಟಿಗೂ ಸಾಲು ಐತಿ. ಟಿಕೀಟು ಭಿಕ್ಷೆ ಏನು?"

ಗೆದ್ದೆ ಎಂದುಕೊಂಡೆ. ಆದರೆ ಹುಸೇನಸಾಬರು ನನ್ನ ಮುಖ ನೋಡುತ್ತಿರಲಿಲ್ಲ. "ಟಿಕೀಟು ಇರ್ಲಿ ವಕೀಲಸಾಹೇಬ್ರ," ಎಂದರು ಮೆಲ್ಲಗೆ, "ನಿಮ್ಮ ಕಾಲು ಎಲ್ಲೈತಿ ನೋಡ್ಕೋರಿ."

ನೋಡಿಕೊಂಡೆ. ಎಡಗಾಲಿನ ಮೇಲೆ ಬಲಗಾಲು ಮಡಚಿಕೊಂಡಿತ್ತು. ಚಕ್ಕಳಮಕ್ಕಳ ಹಾಕಿಕೊಂಡು ನೆಲದ ಮೇಲೆ ಕುಳಿತಿದ್ದೆ. ಎಲೆ ನನ್ನ ಮುಂದೆಯೇ, ಕೈಯಳತೆಯಲ್ಲಿತ್ತು. ಗೋಧಿ ಹುಗ್ಗಿಯ ಬಿಸಿ ಮುಖಕ್ಕೆ ಬಡಿಯುತ್ತಿತ್ತು. ತಲೆ ಎತ್ತಿದರೆ ಎದುರಿನ ಪಂಕ್ತಿಯಲ್ಲಿ ಆ ಡಾಕ್ಟರು. ತುತ್ತು ಕೈಯಲ್ಲೇ ಇತ್ತು, ಕಣ್ಣು ನನ್ನ ಮೊಣಕಾಲಿನ ಮೇಲಿತ್ತು.

ಒಂದು ಕ್ಷಣ ಎಲ್ಲವೂ ತಲೆಯಲ್ಲಿ ಓಡಿತು. ವಿದ್ಯಾರ್ಥಿವೇತನ ಹೋಯಿತು, ಅದರ ಹಿಂದೆ ಕಾಲೇಜೂ ಹೋಯಿತು. ಅಯ್ಯೋ ಎಂದು ನರಳಿದರೆ ಇನ್ನೂ ಉಳಿಯಬಹುದಿತ್ತೇನೋ. ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಹುಮಾನ ತಂದವನು ನಾನು, ನರಳುವುದೇನು ದೊಡ್ಡದಲ್ಲ. ಆದರೆ ಬಾಯಿಗೆ ಬಂದದ್ದು ನಗು. ತಡೆಯಲು ಆಗಲೇ ಇಲ್ಲ. ಡಾಕ್ಟರೂ ನಕ್ಕರು. "ಮೊದ್ಲ ಉಣ್ಣು ತಮ್ಮಾ" ಎಂದರು. ಹುಗ್ಗಿಯನ್ನು ಎರಡನೇ ಸಲವೂ ಹಾಕಿಸಿಕೊಂಡು ಉಂಡೆ. ಅಷ್ಟು ತಿಂಗಳ ಮೇಲೆ ನಾಲ್ಕು ಜನರ ಹೆಗಲಿಗೆ ಹೆಗಲು ತಾಗಿಸಿ ಕುಳಿತಿದ್ದೆ. ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ತಕರಾರನ್ನೂ ಮಾಡಿದೆ.

ಊಟ ಮುಗಿಯಿತು. ಪಂಕ್ತಿಯೆಲ್ಲ ಒಟ್ಟಿಗೆ ಎದ್ದಿತು. ನಾನು ಮಾತ್ರ ಏಳಲಿಲ್ಲ, ಏಳಲು ಬರಲಿಲ್ಲ. ಕುಳಿತ ಕಾಲು ಕುಳಿತಲ್ಲೇ ಮರಗಟ್ಟಿತ್ತು. ಉಂಡ ಕೈಯನ್ನು ಮೇಲೆತ್ತಿಕೊಂಡು, ಎಡಗೈಗಳಿಂದ ಒಂದು ಕಡೆ ಹುಸೇನಸಾಬರು, ಇನ್ನೊಂದು ಕಡೆ ಡಾಕ್ಟರು ನನ್ನನ್ನು ಎತ್ತಿದರು. ಬೆಂಚಿನ ಮೇಲಿದ್ದ ಶಮೀಮ್ ಮುಖಕ್ಕೆ ದುಪಟ್ಟಾ ಹಿಡಿದು ನಗುತ್ತಿದ್ದಳು.

ಎದ್ದು ನಿಂತವನೇ ಡಾಕ್ಟರಿಗೆ ಹೇಳಿದೆ: "ಕುಂತದ್ದು ನಿಮ್ಮ ಕಡೆ ಸಾಕ್ಷಿ. ಏಳಾಕ ಬರಲಿಲ್ಲ ಅನ್ನೋದು ನನ್ನ ಕಡೆ ಸಾಕ್ಷಿ."

"ಎರಡೂ ಬರೀತೀನಿ ಬಾ" ಎಂದರು ಅವರು.

ಹಾಗೆಯೇ ಬರೆದರು. ಕಾಲಿನ ದೋಷ ಕಾಯಂ ಅಲ್ಲ, ಗುಣವಾಗುತ್ತಿದೆ, ಚಿಕಿತ್ಸೆಯಿಂದಾಗಿ ತರಗತಿಗಳಿಗೆ ಹೋಗಲಾಗಿಲ್ಲ ಎಂದಿತ್ತು. ವಿದ್ಯಾರ್ಥಿವೇತನ ಬರಲಿಲ್ಲ. ಆದರೆ ಅದೇ ಬರಹ ನೋಡಿ ಕಾಲೇಜಿನವರು ಹಾಜರಾತಿಯ ಕೊರತೆಯನ್ನು ಮನ್ನಿಸಿ ಪರೀಕ್ಷೆಗೆ ಕೂಡಿಸಿದರು. ಶಮೀಮಳಿಗೆ ಪ್ರಮಾಣಪತ್ರ ಅಂದೇ ಸಿಕ್ಕಿತು. ಆಕೆ ಮುಖವನ್ನೇನೂ ಸಣ್ಣದು ಮಾಡಿಕೊಂಡಿರಲಿಲ್ಲ. ಅದನ್ನು ನಾನು ಹುಸೇನಸಾಬರಿಗೆ ತೋರಿಸಿಕೊಡದೆ ಬಿಡಲಿಲ್ಲ.

ಸಂಜೆ ಮನೆಯಲ್ಲಿ ವಿಷಯ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅಪ್ಪನ ಎದುರಿಗೆ ಹೋಗಿ, ಗೋಡೆ ಹಿಡಿದು, ನೆಲದ ಮೇಲೆ ಕುಳಿತು ತೋರಿಸಿದೆ. ಅವರಿಗೆ ಎಲ್ಲ ತಿಳಿಯಿತು. "ರೊಕ್ಕ ಹೋತು ಅಂತ ಅಳಬ್ಯಾಡ. ಕಾಲು ಬಂತಲ್ಲ, ದುಡದು ಓದು" ಎಂದು ಹೇಳಿ, ಮರುದಿನದಿಂದ ಅಂಗಡಿಯಲ್ಲಿ ನನಗೆ ಗುಂಡಿಯ ಕಾಜಾ ಹೊಲಿಯುವ ಕೆಲಸ ಹಚ್ಚಿದರು. ಅಂಗಿಗಳ ಕಾಜಾ ಹೊಲಿಯುವವನು ಕೆಳಗೆ ಕುಳಿತೇ ಹೊಲಿಯಬೇಕು. ಫೀಗೂ ಆಯಿತು, ಮೊಣಕಾಲಿಗೂ ಆಯಿತು. ಪುಸ್ತಕದ ಮೇಲಿನ ಗಂಟನ್ನು ಅವ್ವ ತಾನಾಗಿಯೇ ತೆಗೆದಳು. ಕಳೆದ ವರ್ಷ ಬಿ.ಎ. ಮುಗಿಯಿತು.

ಹೆದರಿಕೆ ಮೊಣಕಾಲಿನಲ್ಲಿ ಇರುತ್ತದೆ ಎಂಬುದನ್ನು ನಾನು ಈಗಲೂ ಪೂರ್ತಿಯಾಗಿ ಒಪ್ಪಿಲ್ಲ. ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದು. ಆದರೆ ಎಲ್ಲಾದರೂ ಮದುವೆಯ ಪಂಕ್ತಿಯಲ್ಲಿ ಕೂಡುವಾಗ ಕಾಲು ಸ್ವಲ್ಪ ಚುರುಕ್ ಎನ್ನುತ್ತದೆ. ಎದುರಿಗೆ ಯಾರು ಕುಳಿತಿದ್ದಾರೆಂದು ಒಮ್ಮೆ ನೋಡುತ್ತೇನೆ, ನನ್ನಷ್ಟಕ್ಕೆ ನಗುತ್ತೇನೆ. ಅಂಥ ಖುಷಿ ನನಗೆ ಯಾವ ಢಾಲು ಗೆದ್ದಾಗಲೂ ಆಗಿರಲಿಲ್ಲ.